ಲಕ್ಕಮ್ಮನ ಕೈ, ಹೊನ್ನಕ್ಕನ ಕೈ

ಕಳಿತ ಬಾಳೆಹಣ್ಣಿನ ವಾಸನೆ, ಅಂಟಿನ ಸೀಸೆಯ ಮುಚ್ಚಳ ತೆಗೆದರೆ ಸಾಕು ಕೋಣೆಯೆಲ್ಲ ಅದೇ, ಹಾಸನದ ಈ ಫಿಲಂ ತರಬೇತಿ ಕೇಂದ್ರಕ್ಕೆ ಬಂದು ಮೂರು ತಿಂಗಳಾದರೂ ತಮ್ಮಯ್ಯನ ಮೂಗಿಗೆ ಅದಿನ್ನೂ ಒಗ್ಗಿಲ್ಲ, ಮೂಸಿದಾಗೆಲ್ಲ ಹಸಿವಾಗುತ್ತದೆ — ಹೊರಗೆ ಚನ್ನರಾಯಪಟ್ಟಣದ ಬಸ್ಸು ಹಾರ್ನ್ ಹೊಡೆಯಿತು, ಹತ್ತು ಗಂಟೆಯದು, ಹತ್ತಿ ಕೂತರೆ ಶಾಂತಿಗ್ರಾಮ ದಾಟಿ ಮಧ್ಯಾಹ್ನದೊಳಗೆ ಅಕ್ಕನ ಊರು, ಆದರೆ ಹತ್ತುವ ಹಾಗಿಲ್ಲ, ಹನ್ನೊಂದಕ್ಕೆ ಗೌರೀಶಂಕರ ಮೇಷ್ಟ್ರು ಬರುತ್ತಾರೆ, ಪೂರ್ತಿ ರೀಲು ನೋಡುತ್ತಾರೆ, ನಾಳೆ ಶುಕ್ರವಾರ ಸರ್ಕಾರದ ಪ್ರಚಾರದ ವ್ಯಾನು ಈ ರೀಲು ಹೊತ್ತುಕೊಂಡು ಅದೇ ಊರಿಗೆ ಹೋಗುತ್ತದೆ, ಪರದೆ ಕಟ್ಟುತ್ತಾರೆ, ಹೆಂಗಸರು ಮಕ್ಕಳು ಸಮೇತ ಊರೇ ಬಂದು ಕೂರುತ್ತದೆ. ರೀಲು ನೋಡುವ ಯಂತ್ರದ ಹಿಡಿ ತಿರುಗಿಸಿದ, ಪುಟ್ಟ ಗಾಜಿನ ಮೇಲೆ ಬೆಳಕು ಬಿತ್ತು, ಲಕ್ಕಮ್ಮನ ಕೈ ಬಾವಿಯ ಹಗ್ಗ ಎಳೆಯಿತು, ಮಣಿಕಟ್ಟು ಎಡಕ್ಕೆ ಹೊರಳಿ ಒಂದು ಜಗ್ಗು ಜಗ್ಗಿತು, ಅಲ್ಲಿಗೆ ಆ ತುಣುಕು ಮುಗಿದು ಇನ್ನೊಂದು ಕೈ, ಅಕ್ಕನ ಕೈ, ಹೊನ್ನಕ್ಕನ ಕೈ, ಅದೂ ಎಡಕ್ಕೆ ಹೊರಳಿ ಒಂದು ಜಗ್ಗು — ನಿನ್ನೆ ತಾನೇ ಕೈಯಾರೆ ಅಂಟಿಸಿದ್ದು, ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಭಲೇ ತಮ್ಮಯ್ಯ, ಇದಪ್ಪ ಜೋಡಣೆ ಅಂದರೆ, ಅಂದಿದ್ದರು ಮೇಷ್ಟ್ರು, ಮೇಜು ಗುದ್ದಿ ಅಂದಿದ್ದರು, ಕೈ ಆಡುತ್ತಿರುವಾಗ ಕತ್ತರಿಸಬೇಕು ಅಂತ ನಾನು ಬಾಯಿ ಬಡ್ಕೊಂಡಿದ್ದು ನಿನ್ನ ಒಬ್ಬನ ತಲೆಗೆ ಹೋಗಿದೆ ನೋಡು, ನೋಡುವವನ ಕಣ್ಣು ಕೈಯ ಹಿಂದೆ ಓಡ್ತಿರುತ್ತೆ, ಬೇರೆ ಏನೂ ಅವನಿಗೆ ಕಾಣೋದಿಲ್ಲ, ಎರಡು ಕೈ ಒಂದೇ ಆಗೋಯ್ತಲ್ಲೋ, ಇಷ್ಟು ಸಾಕು ನಮ್ಮ ಚಿತ್ರಕ್ಕೆ, ಬೆಂಗಳೂರಿನ ಫಿಲಂ ವಿಭಾಗಕ್ಕೆ ಒಬ್ಬನ ಹೆಸರು ಬರೆದುಕೊಡಿ ಅಂದಿದ್ದಾರೆ, ನಿನ್ನ ಹೆಸರೇ ಬರೀತೀನಿ. ತಮ್ಮಯ್ಯ ರಾತ್ರಿಯೆಲ್ಲ ಹಾಸ್ಟೆಲಿನ ಚಾಪೆಯ ಮೇಲೆ ಬೆಂಗಳೂರಿನಲ್ಲೇ ಇದ್ದ. ಬೆಳಗ್ಗೆ ಬಂದು, ಸುಮ್ಮನೆ ತನ್ನ ಜಾಣತನ ಇನ್ನೊಮ್ಮೆ ನೋಡಿಕೊಳ್ಳೋಣ ಅಂತ ಹಿಡಿ ತಿರುಗಿಸಿದ್ದು, ಆಗ ಕಂಡಿದ್ದು.

ಆ ಜಗ್ಗು ಅಕ್ಕನಿಗೆ ಹೇಗೆ ಗೊತ್ತು, ಇಷ್ಟೇ, ಇಷ್ಟೇ ಪ್ರಶ್ನೆ, ಹಾಳಾದ್ದು. ಎರಡು ವರ್ಷದ ಹಿಂದೆ ಬ್ಲಾಕ್ ಆಫೀಸಿನವರು ತೋಡಿಸಿದ ಬಾವಿ, ಸಾರ್ವಜನಿಕ ಅಂತ ಬೋರ್ಡು, ರಾಟೆ ಮಾತ್ರ ಸೊಟ್ಟ, ಕೊಡ ನಾಲ್ಕು ಮಾರು ಮೇಲೆ ಬರುವಷ್ಟರಲ್ಲಿ ಹಗ್ಗ ಜಾರಿ ಸಂದಿಗೆ ಬೀಳುತ್ತದೆ, ಬೀಳುವ ಮುಂಚೆ ಎಡಕ್ಕೆ ಒಂದು ಜಗ್ಗು ಕೊಟ್ಟರೆ ದಾರಿಗೆ ಬರುತ್ತದೆ, ಇಲ್ಲವೋ ಕಚ್ಚಿಕೊಂಡು ನಿಲ್ಲುತ್ತದೆ. ದಿನಾ ಸೇದುವ ಹೆಂಗಸರಿಗೆ ಅದು ಉಸಿರಾಟದಷ್ಟೇ ರೂಢಿ. ಗೋಡೆಯ ಮೊಳೆಗೆ ನೇತುಹಾಕಿದ ತುಣುಕುಗಳಲ್ಲಿ ಎಲ್ಲರೂ ಇದ್ದಾರೆ, ಲಕ್ಕಮ್ಮ, ಕೃಷ್ಣಮ್ಮ, ಕೃಷ್ಣಮ್ಮನ ಹೊಸ ಸೊಸೆ — ಪಾಪ, ಮದುವೆಯಾಗಿ ಹದಿನೈದು ದಿನ ಆಗಿತ್ತಂತೆ, ಜಗ್ಗು ಗೊತ್ತಿಲ್ಲದೆ ಹಗ್ಗ ಸಿಕ್ಕಿಸಿಕೊಂಡು ನಿಂತಳು, ಹೆಂಗಸರೆಲ್ಲ ಕೇಕೆ ಹಾಕಿ ನಕ್ಕರು, ಎಡಕ್ಕೆ ಒಗೀಬೇಕು ಕಣವ್ವ, ನಿಮ್ಮೂರ ರಾಟೆ ಅಲ್ಲ ಇದು, ಅಂತ ಲಕ್ಕಮ್ಮ ಬಿಡಿಸಿಕೊಟ್ಟಳು, ಜೊತೆಗೆ ಕಲಿಯುವ ಬಸವರಾಜು ಅದನ್ನೂ ಹಿಡಿದ, ಕ್ಯಾಮೆರಾ ಹಿಡಿಯುವುದು ಅವನ ಸರದಿ, ಮೆಣಸಿನಮಡಿಗೆ ನೀರು ಹಾಯಿಸಿದ ಹಾಗೆ ಅತ್ತ ಇತ್ತ ತಿರುಗಿಸಬೇಡವೋ, ಒಂದು ಕಡೆ ನಿಂತು ನೋಡೋದು ಕಲಿ ಅಂತ ಮೇಷ್ಟ್ರ ಕೈಲಿ ಬೈಸಿಕೊಂಡು ಅವತ್ತು ಗಟ್ಟಿಯಾಗಿ ನಿಂತಿದ್ದ, ಕೀಲಿ ಕೊಟ್ಟು ಓಡಿಸುವ ಕ್ಯಾಮೆರಾ, ಒಂದು ಕೀಲಿಗೆ ಅರ್ಧ ನಿಮಿಷವೂ ಓಡುವುದಿಲ್ಲ, ಕೈ ನೋಯುವ ತನಕ ಕೀಲಿ ಕೊಡುತ್ತಾ. ಕಟ್ಟೆಯಿಂದ ಹತ್ತು ಹೆಜ್ಜೆ ದೂರದಲ್ಲಿ, ಬೋಳು ಕಲ್ಲಿನ ಪಕ್ಕ, ಖಾಲಿ ಕೊಡ ಇಟ್ಟುಕೊಂಡು ಹೊನ್ನಕ್ಕ ನಿಂತಿದ್ದಳು. ಕೇರಿಯ ಹೆಂಗಸರು ನಿಲ್ಲುವ ಜಾಗ ಅದು, ಮೇಲಿನವರು ಯಾರಾದರೂ ಮನಸ್ಸು ಮಾಡಿ ಎತ್ತಿ ಹುಯ್ಯುವ ತನಕ. ಅವ್ವಾರೆ, ಒಂದ್ ಕೊಡ ಉಯ್ರವ್ವ, ಅಂದಳು, ಲಕ್ಕಮ್ಮ ಕೇಳಿಸಿಯೂ ಕೇಳಿಸದ ಹಾಗೆ ಇನ್ನೊಂದು ಕೊಡ ತನಗೇ ಸೇದಿಕೊಂಡಳು. ತಮ್ಮಯ್ಯನ ಕಿವಿ ಬಿಸಿಯಾಗಿತ್ತು, ಮೇಷ್ಟ್ರ ಮುಂದೆ, ಬಸವರಾಜುವಿನ ಮುಂದೆ, ಇವಳು ನನ್ನ ಸ್ವಂತ ಅಕ್ಕ ಅಂತ ಗೊತ್ತಿದ್ದವರ ಮುಂದೆ. ಆಮೇಲೆ ಕೇರಿಯ ದಾರಿಯಲ್ಲಿ ಸಿಡುಕಿದ್ದ, ಎಷ್ಟು ದಿನ ಅಂತ ಹಿಂಗೆ ಕೈ ಒಡ್ಕೊಂಡು ನಿಂತಿರ್ತೀಯಕ್ಕ, ಬೋರ್ಡ್ ಹಾಕವ್ರೆ, ಕಾನೂನೈತೆ, ನಿಂಗೆ ರೋಸ ಅನ್ನೋದೇ ಇಲ್ವಾ? ಅವಳು ನಕ್ಕಳು. ರೋಸ ಕುಡುದ್ರೆ ದಾವ ಇಂಗ್ತದೇನ್ಲಾ, ಅಂದಳು. ಆಗ ಅವಳ ಮೇಲೆ ಅವನಿಗೆ ನಿಜವಾಗಿ ಅಸಹ್ಯವಾಗಿತ್ತು.

ಮೇಷ್ಟ್ರಿಗೆ ಒಂದೇ ಹಟ, ಎಲ್ಲರೂ ಒಂದೇ ಬಾವಿಯಲ್ಲಿ ಸೇದುವ ದೃಶ್ಯ ಬೇಕು, ಅದಿಲ್ಲದಿದ್ದರೆ ಚಿತ್ರವೇ ಇಲ್ಲ. ಪಂಚಾಯ್ತಿ ಛೇರ್ಮನ್ನರು, ಲಕ್ಕಮ್ಮನ ಯಜಮಾನರು ದೊಡ್ಡಬೀರಯ್ಯ, ಬಹಳ ಹೊತ್ತು ಮೀಸೆ ತಿರುವಿದರು, ಫಿಲಮ್ಮಿಗೆ ಅಂತೀರಿ, ಸರ್ಕಾರದ ಕೆಲ್ಸ ಅಂತೀರಿ, ಒಂದ್ಸಾರಿ ಸೇದುದ್ರೆ ಸೇದ್ಕಳ್ಲಿ ಬುಡಿ ಸಾ, ಆಮ್ಯಾಕೆ ನೀರೆತ್ತಾಕ್ಸಿ ನಮ್ಮ ಪಾಡು ನಾವ್ ನೋಡ್ಕತೀವಿ. ನಡುಮಧ್ಯಾಹ್ನ, ಹೆಂಗಸರನ್ನೆಲ್ಲ ಒಳಗೆ ಕಳಿಸಿ, ತಾವು ಹುಣಸೆಮರದ ಬುಡದಲ್ಲಿ ಬಾವಿಗೆ ಬೆನ್ನು ಮಾಡಿ ಕೂತರು, ನೋಡಲಿಲ್ಲ ಅಂತ ಹೇಳಿಕೊಳ್ಳುವುದಕ್ಕೆ ಒಂದು ದಾರಿ ಇರಲಿ ಅಂತ, ಎಂಥಾ ದೊಡ್ಡಮನುಷ್ಯರು. ಹೊನ್ನಕ್ಕ ಸೆರಗು ಸಿಕ್ಕಿಸಿಕೊಂಡು ಕಟ್ಟೆ ಹತ್ತಿದಳು, ಹತ್ತಿ ಹಗ್ಗದ ಕಡೆ ನೋಡಿ, ಅಯ್ಯೋ ನಂಗೆ ಬರಾಕಿಲ್ಲ ಕಣ್ಲಾ, ಯಾವತ್ತು ಮುಟ್ಟಿವ್ನಿ ನಾನು ಇದ್ನ, ಎಂಗೆ ಇಡಿಬೇಕು ಏಳ್ಕೊಡು — ಮತ್ತೆ ಇವನು ಹೇಳಿಕೊಟ್ಟ, ದೇವರೇ, ಇವನು ಹೇಳಿಕೊಟ್ಟ, ಹಿಂಗೆ ಕಾಲು ಊರು, ಹಿಂಗೆ ಕೈ ಮೇಲೆ ಕೈ ಹಾಕು, ಅವಳು ಒಂದನೇ ಕ್ಲಾಸಿನ ಮಗುವಿನ ಹಾಗೆ ತಲೆ ಆಡಿಸಿ ಆಡಿಸಿ ಕೇಳಿಸಿಕೊಂಡಳು, ಊಂ, ಆಂ, ಇಂಗೇನ್ಲಾ. ಬಸವರಾಜು ಎದೆಯಿಂದ ಮೇಲೆ ಬರುವ ಹಾಗೆ ಹತ್ತಿರಕ್ಕೆ ಹಿಡಿದ, ಕ್ಯಾಮೆರಾ ಕಟಕಟ ಅಂತ ಓಡಿತು, ತಮ್ಮಯ್ಯ ಅದರ ಪಕ್ಕದಲ್ಲೇ ನಿಂತು ಎಳಿಯಕ್ಕ ಎಳಿ ಅಂತ ಕೂಗುತ್ತಿದ್ದ, ಕೊಡ ಬಂತು, ನೀರು ಚೆಲ್ಲಿತು, ಮುಗಿಯಿತು, ಚಪ್ಪಾಳೆ. ಗಂಡಸರ ಪೈಕಿ ಯಾರು ಆ ಬಾವಿಯಲ್ಲಿ ಒಂದು ಕೊಡ ಸೇದಿದ್ದರು, ಯಾರಿಗೆ ಗೊತ್ತು ಆ ಜಗ್ಗು, ಮೇಷ್ಟ್ರಿಗೆ ಗೊತ್ತಿಲ್ಲ, ದೊಡ್ಡಬೀರಯ್ಯನವರಿಗೆ ಗೊತ್ತಿಲ್ಲ, ಲಕ್ಕಮ್ಮ ಸೊಸೆಗೆ ಹೇಳಿದ್ದು ಕಿವಿಗೆ ಬಿದ್ದಿದ್ದರೂ ಇವನಿಗೂ ಗೊತ್ತಾಗಿರಲಿಲ್ಲ, ಮದರಾಸಿಗೆ ಹೋಗಿ ತೊಳೆದು ಬಂದ ರೀಲನ್ನು ಇನ್ನೂರು ಸಲ ಹಿಂದೆ ಮುಂದೆ ತಿರುಗಿಸುವ ತನಕ.

ಬಾಯಿ ಬರಲ್ಲ ಅಂದಿತು, ಕಾಲು ಬರಲ್ಲ ಅಂತ ತಡವರಿಸಿತು, ಕೈ ಮಾತ್ರ ನಟನೆ ಮರೆತುಬಿಟ್ಟಿತು. ಒಂದು ಸಲ ಎರಡು ಸಲ ಸೇದಿದವಳ ಕೈಯಲ್ಲ ಅದು, ಬಿಸಿಲು ನೆತ್ತಿಗೆ ಬಂದು ಊರೆಲ್ಲ ಹೊಲದಲ್ಲಿರುವಾಗ, ನಾಯಿಯೂ ನೆರಳು ಬಿಟ್ಟು ಏಳದ ಹೊತ್ತಿನಲ್ಲಿ, ಎಷ್ಟು ದಿನ, ಎಷ್ಟು ಕೊಡ. ಹೋದ ಬೇಸಿಗೆಯಲ್ಲಿ ಇವನು ಅವಳ ಮನೆಗೆ ಹೋದಾಗ ಬಾಗಿಲಲ್ಲೇ ಒಂದು ಚೊಂಬು ನೀರು ಕೊಟ್ಟಿದ್ದಳು, ತಣ್ಣಗೆ, ಸಿಹಿ, ಇಷ್ಟು ಹೊತ್ನಲ್ಲಿ ಯಾರಕ್ಕ ಹುಯ್ದು ಕೊಟ್ರು ಅಂತ ಕೇಳಿದ್ದ, ಸುಮ್ಕೆ ಕುಡಿಯಲಾ, ನೀರಿಗೂ ಲಾಯರ್ ಪ್ರಶ್ನೆ ಆಕ್ತನೆ, ಅಂದಿದ್ದಳು, ಭಾವ ಬೋರಪ್ಪ ಬೀಡಿ ಆರಿಸಿ ಎದ್ದು ಹೊರಗೆ ಹೋಗಿದ್ದ. ಆ ಮನುಷ್ಯನಿಗೂ ಗೊತ್ತು ಹಾಗಾದರೆ. ರೋಸ ಇಲ್ವಾ ಅಂತ ಕೇಳಿದೆನಲ್ಲ, ಅವಳನ್ನು ಕೇಳಿದೆನಲ್ಲ ನಾನು, ಮೂರು ತಿಂಗಳು ಇಂಗ್ಲಿಷ್ ಹೆಸರಿನ ಲೆನ್ಸು ಒರೆಸಿದ ದೊಡ್ಡ ಮೇಧಾವಿ — ನಾಚಿಕೆ ಅವನ ಬೆನ್ನಿನಲ್ಲಿ ಬೆವರಾಗಿ ಇಳಿಯಿತು, ಅದರ ಹಿಂದೆಯೇ ಹೆಮ್ಮೆ, ನಗು ಕೂಡ ಬಂತು, ಒಂದು ಕೊಡಕ್ಕೆ ಬಾವಿಯ ನೀರೆಲ್ಲ ಎತ್ತಿ ಹಾಕಿಸಿದರಂತಲ್ಲ ದೊಡ್ಡಬೀರಯ್ಯನವರು, ಎರಡು ವರ್ಷದ್ದಕ್ಕೆ ಏನು ಎತ್ತಿ ಹಾಕಿಸುತ್ತಾರೆ, ಆಮೇಲೆ ನಗು ನಿಂತು ಹೆದರಿಕೆ. ನಾಳೆ ಪರದೆಯ ಮುಂದೆ ಲಕ್ಕಮ್ಮ ಕೂರುತ್ತಾಳೆ, ಕೃಷ್ಣಮ್ಮ ಕೂರುತ್ತಾಳೆ, ಮಂಚದಗಲ ತಮ್ಮ ಕೈ ಕಾಣುತ್ತದೆ, ಎಡಕ್ಕೆ ಒಂದು ಜಗ್ಗು, ಅದರ ಬೆನ್ನಿಗೇ ಹೊನ್ನಕ್ಕನ ಕೈ, ಎಡಕ್ಕೆ ಒಂದು ಜಗ್ಗು, ಕುರುಡರಿಗೂ ತಿಳಿಯುವ ಹಾಗೆ ಇವನೇ ಪಕ್ಕಪಕ್ಕ ಜೋಡಿಸಿ ಕೊಟ್ಟಿದ್ದಾನೆ, ಫಿಲಮ್ಮಿಗೆ ಒಂದ್ಸಾರಿ ಅಂದ್ರಲ್ಲ, ಇವ್ಳಿಗೆ ರಾಟೆ ಗುಟ್ಟು ಎಂಗ್ ಗೊತ್ತಾಯ್ತವ್ವ ಅಂತ ಒಬ್ಬಳು ಅಂದರೆ ಸಾಕು. ಬೋರಪ್ಪ ದುಡಿಯುವುದು ದೊಡ್ಡಬೀರಯ್ಯನವರ ಹೊಲದಲ್ಲಿ. ನಾಡಿದ್ದಿನಿಂದ ಅವನನ್ನು ಕೂಲಿಗೆ ಕರೆಯುವುದಿಲ್ಲ, ನಡುಮಧ್ಯಾಹ್ನ ಬಾವಿಕಟ್ಟೆಯ ಮೇಲೆ ಯಾರಾದರೊಬ್ಬರು ಕಾವಲು ಕೂರುತ್ತಾರೆ, ಅವಳ ಆ ಒಂದು ಹೊತ್ತೂ ಹೋಯಿತು. ಮೇಷ್ಟ್ರಿಗೆ ಹೇಳಿದರೆ? ಮೇಷ್ಟ್ರು ಒಳ್ಳೆಯವರು, ಒಳ್ಳೆಯವರಾದ್ದರಿಂದಲೇ ಹೆದರಿಕೆ, ಪೊಲೀಸರನ್ನು ಕರೆಸೋಣ, ಕಾನೂನಿದೆ, ಅಂತ ಎದ್ದು ನಿಲ್ಲುತ್ತಾರೆ, ನಿಂತು, ತಿಂಗಳ ಕೊನೆಗೆ ಮೈಸೂರಿನ ತಮ್ಮ ಮನೆಗೆ ಹೋಗುತ್ತಾರೆ, ಇವನು ಬೆಂಗಳೂರಿಗೆ, ಅವಳು ಅಲ್ಲೇ. ಗುಟ್ಟು ಅವಳದು, ಬಿಡುವುದೋ ಬೇಡವೋ ಅವಳಿಷ್ಟ. ಕೇಳಿಕೊಂಡು ಬರಲು ಬಸ್ಸೂ ಹೋಯಿತು.

ಇದಕ್ಕೆ ನೆಗೆಟಿವ್ ಇಲ್ಲ, ಇರುವುದೊಂದೇ ಪ್ರತಿ, ಕತ್ತರಿಸಿದರೆ ಕತ್ತರಿಸಿದ ಹಾಗೆ. ಎಣಿಸಿದ, ಹೊನ್ನಕ್ಕನ ಮಣಿಕಟ್ಟು ಹೊರಳಲು ಶುರುವಾದಲ್ಲಿಂದ ಹಗ್ಗ ದಾರಿಗೆ ಬಂದು ಮಣಿಕಟ್ಟು ಮತ್ತೆ ನೆಟ್ಟಗಾಗುವ ತನಕ ಹನ್ನೊಂದು ಫ್ರೇಮು, ಅರ್ಧ ಸೆಕೆಂಡೂ ಇಲ್ಲ, ಬ್ಲೇಡು ಇಳಿಸಿದ, ಟಕ್, ಇನ್ನೊಂದು ಸಲ, ಟಕ್, ಅಂಚು ಕೆರೆದ, ಅಂಟು ಹಚ್ಚಿದ, ಒತ್ತಿ ಹಿಡಿದು ಹದಿನೈದರ ತನಕ ಎಣಿಸಬೇಕು, ಹದಿಮೂರಕ್ಕೆ ಚಪ್ಪಲಿ ಸದ್ದು, ಮೇಷ್ಟ್ರು. ಎಲ್ಲಿ, ಓಡಿಸು ನೋಡೋಣ ನಿನ್ನ ಕೈಗಳನ್ನು. ಓಡಿಸಿದ. ಲಕ್ಕಮ್ಮ ಜಗ್ಗಿದಳು, ಹೊನ್ನಕ್ಕನ ಕೈ ಎಲ್ಲೋ ಕೆಳಗಿದ್ದದ್ದು ಗಕ್ಕನೆ ಮೇಲೆ ಹಾರಿ ಕುಂಟುತ್ತಾ ಹಗ್ಗ ಎಳೆಯಿತು, ಯಾರೋ ನಡುವೆ ಬಂದು ಬಿಡಿಸಿಕೊಟ್ಟರೇನೋ ಅನ್ನುವ ಹಾಗೆ, ಹಗ್ಗ ಅಂದರೇನು ಅಂತಲೇ ಅರಿಯದ ಪೆದ್ದಿಯ ಕೈಯ ಹಾಗೆ. ಮೇಷ್ಟ್ರು ಇನ್ನೊಂದು ಸಲ ಅಂದರು, ನೋಡಿದರು, ಎಲ್ಲಯ್ಯ ಅದು, ಆ ಜೋಡಣೆ ಎಲ್ಲಿ? ತಪ್ಪಾಯ್ತು ಸಾರ್, ಬ್ಲೇಡು ಜಾರಿತು. ಹರಿದ ಫ್ರೇಮು ತೋರಿಸು. ಕಸಕ್ಕೆ ಹಾಕಿಬಿಟ್ಟೆ ಸಾರ್. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಬೈದಿದ್ದರೆ ವಾಸಿಯಿತ್ತು, ಅಲ್ಲಯ್ಯ ತಮ್ಮಯ್ಯ, ಇಡೀ ಚಿತ್ರದಲ್ಲಿ ನಿಜ ಅಂತ ಇದ್ದಿದ್ದು ಆ ಒಂದು ಕ್ಷಣ, ಅಂದರು, ಆಮೇಲೆ ಬಾಗಿಲ ಹತ್ತಿರ ನಿಂತು, ಬೆಂಗಳೂರಿನ ವಿಷಯ, ಬಸವರಾಜೂನೂ ಚೆನ್ನಾಗಿಯೇ ಮಾಡಿದಾನೆ, ನೋಡೋಣ. ಆಗಲಿ ಸಾರ್, ಅಂದ. ಚಪ್ಪಲಿ ಸದ್ದು ವರಾಂಡದ ಕೊನೆಯ ತನಕ ಹೋಯಿತು.

ಮುಷ್ಟಿ ಬಿಚ್ಚಿದ, ಬೆವರಿಗೆ ಅಂಗೈಗಂಟಿದ ತುಣುಕು, ನಾಲ್ಕು ಬೆರಳಗಲ, ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿ ಇಟ್ಟ, ಒಂದು, ಎರಡು, ಮಣಿಕಟ್ಟು ಹೊರಳುತ್ತಿದೆ, ಐದು, ಆರು, ಜಗ್ಗು, ಏಳರಲ್ಲಿ ಹಗ್ಗ ದಾರಿಗೆ ಬಂತು, ಎಂಟು — ಇನ್ನೂರು ಸಲ ನೋಡಿದ್ದಾನೆ, ಇನ್ನೂರು ಸಲವೂ ಅವನ ಕಣ್ಣು ಕೈಯ ಹಿಂದೆಯೇ ಓಡಿದೆ, ಮುಖ ನೋಡೇ ಇಲ್ಲ — ಒಂಬತ್ತರಲ್ಲಿ ಹೊನ್ನಕ್ಕನ ಮುಖ ಹಗ್ಗದ ಕಡೆಗೇ ಇದೆ, ಕಣ್ಣು ಮಾತ್ರ ಇಲ್ಲ, ಕಣ್ಣು ಈ ಕಡೆ ಹೊರಳಿದೆ, ಕ್ಯಾಮೆರಾದ ಕಡೆಗಲ್ಲ, ಅದರ ಪಕ್ಕಕ್ಕೆ, ಎಳಿಯಕ್ಕ ಎಳಿ ಅಂತ ಕೂಗುತ್ತಾ ಇವನು ನಿಂತಿದ್ದ ಜಾಗಕ್ಕೆ, ಕೈ ತಪ್ಪಿದ್ದು ಅವಳಿಗೆ ಆಗಲೇ ಗೊತ್ತಾಗಿದೆ, ಕಂಡನೋ ಇಲ್ಲವೋ ಅಂತ ನೋಡುತ್ತಿದ್ದಾಳೆ, ಮೇಷ್ಟ್ರನ್ನಲ್ಲ, ಬಸವರಾಜುವನ್ನಲ್ಲ, ದೊಡ್ಡಬೀರಯ್ಯನವರ ಬೆನ್ನನ್ನೂ ಅಲ್ಲ, ತಮ್ಮನನ್ನು, ಬೋರ್ಡು ಕಾನೂನು ಅಂತ ಸಿಡುಕುವ ತಮ್ಮನಿಗೆ ಹೆದರಿಕೊಂಡು — ಹತ್ತರಲ್ಲಿ ಇನ್ನೂ ನೋಡುತ್ತಿದ್ದಾಳೆ, ಹನ್ನೊಂದರಲ್ಲಿ ರೆಪ್ಪೆ ಇಳಿದಿದೆ, ಗಾಜು ಹಿಂದಕ್ಕೆ ಸರಿಸಿದ, ಒಂಬತ್ತು, ಆ ಕಣ್ಣು, ಮತ್ತೆ ಒಂಬತ್ತು, ಆ ಕಣ್ಣು