ಕೆಂಪು ಸುತ್ತು

ಕತ್ತರಿ ಬಿಳಿ ಬಟ್ಟೆಯ ಅರ್ಧಕ್ಕೆ ಬಂದು ನಿಂತಿತು. ಟೈಲರ್ ಮಾಸ್ಟ್ರು ತಲೆ ಎತ್ತಲಿಲ್ಲ.

"ಟೇಪು ಬೇಡ್ವಾ ಭಾವ? ಆಮೇಲೆ ಕಡಿಮೆ ಬಿದ್ರೆ?" ಎಂದಳು ಹೆಂಡತಿಯ ತಂಗಿ.

"ಅವಳ ಅಳತೆ ನನಗೆ ಗೊತ್ತು."

"ಗೊತ್ತಿತ್ತು ಅನ್ನಿ. ಮದುವೆ ದಿನದ ಅಕ್ಕನ ಅಳತೆ ಬೇರೆ, ಈಗಿಂದು ಬೇರೆ."

ಅವರು ಮತ್ತೆ ಕತ್ತರಿ ಓಡಿಸಿದರು. ಅಂಗಡಿಯ ಮೇಜಿನ ಮೇಲೆ ಮೂವತ್ತೆಂಟು ವರ್ಷ ಊರಿನವರ ಬಟ್ಟೆ ಕತ್ತರಿಸಿದ್ದರು. ಇದೊಂದನ್ನು ಬೇರೆ ಯಾರೂ ಕತ್ತರಿಸಬಾರದು ಎಂದು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು.

ಅಂಗಡಿಯ ಹಿಂದೆ ನಡುಮನೆ. ಅಲ್ಲಿ ಹೆಂಡತಿಯನ್ನು ಮಲಗಿಸಿದ್ದರು. ಅಂಗಡಿಗೂ ನಡುಮನೆಗೂ ಮಧ್ಯೆ ಹೊಲಿಗೆ ಮೆಷಿನ್ ಇದ್ದ ಸಣ್ಣ ಕೋಣೆ. ನಿನ್ನೆ ಸಂಜೆ ಅಲ್ಲಿ ಯಾರದೋ ಅಂಗಿಯ ತೋಳು ಹೊಲಿಯುತ್ತಿದ್ದಾಗ ಅವಳು ಮೆಷಿನ್ನಿನ ಮೇಲೆ ಒರಗಿದ್ದಳು. ಡಾಕ್ಟರು ಬಂದು, ಹೃದಯ ನಿಂತಿದೆ ಎಂದರು. ಆ ತೋಳು ಇನ್ನೂ ಸೂಜಿಯ ಕೆಳಗೇ ಇತ್ತು.

ಬಂದವರೆಲ್ಲ ಅವಳನ್ನು ಬಟನಕ್ಕ ಎನ್ನುತ್ತಿದ್ದರು. ಬಟನ್ ಕಿತ್ತುಹೋದ ಅಂಗಿ ತೊಟ್ಟು ಯಾರು ಅಂಗಡಿ ಮುಂದೆ ಹೋದರೂ ಅವಳು ಕರೆಯುತ್ತಿದ್ದಳು. ನಿಲ್ಲಿಸಿಕೊಂಡು, ಅಂಗಿ ಮೈಮೇಲಿರುವಾಗಲೇ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದು, "ಹೋಗು, ಈಗ ಮನುಷ್ಯನ ಹಾಗೆ ಕಾಣ್ತೀಯ" ಎನ್ನುತ್ತಿದ್ದಳು.

"ನನ್ನ ಮದುವೆ ಕೋಟಿನ ಬಟನ್ನೂ ಅವರೇ ಹಾಕಿದ್ದು," ಎಂದ ಬಾಗಿಲಲ್ಲಿ ನಿಂತ ಪೋಸ್ಟ್‌ಮ್ಯಾನ್. "'ಇದು ಕಿತ್ತುಬಂದ್ರೆ ನಿನ್ನ ಹೊಟ್ಟೆ ತಪ್ಪು, ನನ್ನ ದಾರದ ತಪ್ಪಲ್ಲ' ಅಂದಿದ್ರು."

ಜನ ಸ್ವಲ್ಪ ನಕ್ಕರು. ಮಾಸ್ಟ್ರೂ ನಗಲು ನೋಡಿದರು, ಆಗಲಿಲ್ಲ.

"ತಲೆ ಕೆಳಗೆ ಒಂದು ದಿಂಬು ಇಡಬೇಕಿತ್ತು," ಎಂದಳು ತಂಗಿ. "ಅಕ್ಕಂದೇ ತರಿಸ್ತೀನಿ. ಆ ಮೆಷಿನ್ ಕೋಣೇಲಿ ಇರಬೇಕಲ್ವಾ?"

"ಹೂಂ," ಎಂದರು ಮಾಸ್ಟ್ರು. "ಅಲ್ಲೇ ಮಲಗ್ತಿದ್ದಳಲ್ಲ."

*

ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಅವಳು ತನ್ನ ಹಾಸಿಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮೆಷಿನ್ ಕೋಣೆಗೆ ಹೊರಟಿದ್ದಳು.

"ಎಲ್ಲಿಗೆ ದಂಡಯಾತ್ರೆ?" ಎಂದು ಅವರು ಕೇಳಿದ್ದರು.

"ನಿಮ್ಮ ಗೊರಕೆಗೆ ಪಕ್ಕದ ಮನೆಯವರೂ ಎದ್ದು ಕೂರ್ತಾರೆ. ನಾನೂ ಮನುಷ್ಯಳೇ ಅಲ್ವಾ?"

ಅವರು ನಕ್ಕಿದ್ದರು. ಒಂದು ವಾರದ ಆಟ ಎಂದುಕೊಂಡಿದ್ದರು. ವಾರ ತಿಂಗಳಾಯಿತು. ಅಂಗಾತ ಮಲಗಿದರೆ ಗೊರಕೆ ಹೆಚ್ಚು ಎಂದು ಯಾರೋ ಹೇಳಿದ್ದರು. ಅವರು ಬನಿಯನ್ನಿನ ಬೆನ್ನಿಗೆ ಒಂದು ಜೇಬು ಹೊಲಿದು, ಅದರಲ್ಲಿ ಮರದ ದಾರದ ರೀಲು ಇಟ್ಟರು. ಅಂಗಾತ ತಿರುಗಿದ ಕೂಡಲೇ ರೀಲು ಚುಚ್ಚುತ್ತಿತ್ತು, ಎಚ್ಚರವಾಗುತ್ತಿತ್ತು. ನಾಲ್ಕು ತಿಂಗಳು ಹಾಗೇ ಪಕ್ಕಕ್ಕೆ ಮಲಗಿ ಅಭ್ಯಾಸ ಮಾಡಿಕೊಂಡರು.

"ಈಗ ಗೊರಕೆ ಬರ್ತಿಲ್ಲ," ಎಂದರು ಒಂದು ದಿನ, ಬಟ್ಟೆ ಮಡಚುತ್ತಾ, ಅವಳ ಮುಖ ನೋಡದೆ.

"ಮಲಗಿದವರಿಗೆ ಹೇಗೆ ಗೊತ್ತಾಗುತ್ತೆ?"

"ನೀನು ಬಂದು ಕೇಳು."

ಅವಳ ಕಾಲಡಿಯ ಮೆಷಿನ್ ಒಂದು ಕ್ಷಣ ನಿಂತು ಮತ್ತೆ ಓಡಿತು. "ನನಗೂ ಇಲ್ಲೇ ರೂಢಿ ಆಗೋಯ್ತು, ಬಿಡಿ."

ಆ ಜೇಬಿನ ಮೂಲೆ ಒಮ್ಮೆ ಹರಿದಿತ್ತು. ಒಗೆದು ಬಂದಾಗ ಅದಕ್ಕೆ ಹೊಸ ಹೊಲಿಗೆ ಬಿದ್ದಿತ್ತು, ಅವಳದೇ ಸಣ್ಣ ಹೊಲಿಗೆ. ಅವಳು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ತನ್ನನ್ನು ಗೇಲಿ ಮಾಡಿದಳು ಎಂದುಕೊಂಡು ಅವರು ರೀಲನ್ನು ತೆಗೆದು ಡಬ್ಬಿಗೆ ಹಾಕಿದರು.

ಉಳಿದದ್ದೆಲ್ಲ ಮೊದಲಿನ ಹಾಗೇ ಇತ್ತು. ಅಡುಗೆ, ಅಂಗಡಿ, ಗಿರಾಕಿಗಳ ಮೇಲಿನ ತಮಾಷೆ. ಆದರೆ ಅವಳ ಲೋಟ ಬೇರೆಯಾಯಿತು, ಸೋಪು ಬೇರೆಯಾಯಿತು, ಅವಳ ಬಟ್ಟೆಗೆ ಬೇರೆ ಬಕೆಟ್ಟು ಬಂತು. ಅವರ ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸಿಕೊಡುವವಳು ಅವಳೇ. ಆದರೆ ಸೂಜಿಯನ್ನು ಕೈಗೆ ಕೊಡುತ್ತಿರಲಿಲ್ಲ. ಮೇಜಿನ ಮೇಲಿನ ಸಣ್ಣ ದಿಂಬಿಗೆ ಚುಚ್ಚಿ ಹೋಗುತ್ತಿದ್ದಳು. ಅವರು ಅಲ್ಲಿಂದ ಎತ್ತಿಕೊಳ್ಳುತ್ತಿದ್ದರು.

"ನನ್ನಿಂದ ಏನಾದ್ರೂ ತಪ್ಪಾಯ್ತಾ?" ಎಂದು ಒಂದೇ ಒಂದು ಸಲ ಕೇಳಿದ್ದರು.

ಅವಳು ದಾರ ಕಡಿದು, "ಇಲ್ಲ" ಎಂದಿದ್ದಳು. ಅಷ್ಟೇ. ತಾನು ಅವಳಿಗೆ ಬೇಡವಾದೆ ಎಂದು ಅವರು ಅರ್ಥ ಮಾಡಿಕೊಂಡರು. ಯಾಕೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ಎಂದಾದರೂ ಅವಳೇ ಹೇಳುತ್ತಾಳೆ ಎಂದು ಕಾದರು.

*

ಮಗಳು ಮೆಷಿನ್ ಕೋಣೆಯಿಂದ ದಿಂಬು, ಟವೆಲು, ಎರಡು ಹೊದಿಕೆ ಹೊತ್ತು ತಂದು ಮೇಜಿನ ಮೇಲೆ ಹಾಕಿದಳು. ಅವಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು.

"ಅಪ್ಪಾ, ಅಮ್ಮ ಎಲ್ಲದಕ್ಕೂ ಈ ಹೂವು ಯಾಕೆ ಹಾಕ್ಕೊಂಡಿದ್ದಾಳೆ?"

"ಯಾವ ಹೂವು?"

ನೀಲಿ ದಿಂಬಿನ ಚೀಲದ ಮೂಲೆಯಲ್ಲಿ, ಬೆರಳುಗುರಿನಷ್ಟು ಅಗಲಕ್ಕೆ, ಕೆಂಪು ದಾರದ ಒಂದು ಸುತ್ತು. ಟವೆಲಿನ ಅಂಚಿನಲ್ಲಿ ಒಂದು. ಹೊದಿಕೆಗಳಲ್ಲಿ ಒಂದೊಂದು.

"ಅದು ಹೂವೇನಲ್ಲ, ಅಕ್ಕನ ಗುರುತು," ಎಂದಳು ತಂಗಿ. "ಲೋಟದ ಮೇಲೂ ಉಗುರುಬಣ್ಣದಲ್ಲಿ ಇದೇ ಸುತ್ತು ಹಾಕಿದ್ದಾಳೆ. ಒಂದು ಸಲ ನಾನು ಆ ಲೋಟದಲ್ಲಿ ನೀರು ಕುಡಿಯಕ್ಕೆ ಹೋದ್ರೆ ಕೈಯಿಂದ ಕಿತ್ಕೊಂಡ್ಲು. ಒಡಹುಟ್ಟಿದೋಳು ಕುಡಿದ್ರೆ ಎಂಜಲಾಗುತ್ತಾ ಅಂತ ನಾನು ಎರಡು ತಿಂಗಳು ಮಾತು ಬಿಟ್ಟಿದ್ದೆ."

ಮಾಸ್ಟ್ರು ಕತ್ತರಿಯನ್ನು ಕೆಳಗಿಟ್ಟರು. ದಿಂಬನ್ನು ಎಳೆದುಕೊಂಡು ಆ ಸುತ್ತಿನ ಮೇಲೆ ಹೆಬ್ಬೆರಳು ಇಟ್ಟರು.

"ಇದು ನನ್ನ ಗುರುತು," ಎಂದರು.

"ಅಂದ್ರೆ?"

"ಮದುವೆಯಾದ ಹೊಸದರಲ್ಲಿ ಒಂದು ಮೆರೂನ್ ಬಟ್ಟೇನ ಸ್ಕೂಲ್ ಮಕ್ಕಳ ಬಿಳಿ ಬಟ್ಟೆ ಜೊತೆ ನೆನೆಸಿಬಿಟ್ಟಿದ್ದಳು. ಹದಿನೆಂಟು ಅಂಗಿ ಗುಲಾಬಿ ಆಗೋಯ್ತು. ಆವತ್ತಿಂದ ನಾನೇ ಕಾನೂನು ಮಾಡಿದ್ದು. ಬಣ್ಣ ಬಿಡೋ ಬಟ್ಟೆ ಬಂದ್ರೆ ಮೂಲೇಲಿ ಕೆಂಪು ಸುತ್ತು ಹಾಕು, ಬೇರೆ ಇಡು. ಬೇರೆದಕ್ಕೆ ತಾಗಿಸಬೇಡ." ಅವರು ಹೊದಿಕೆಯತ್ತ, ಟವೆಲಿನತ್ತ ನೋಡಿದರು. "ಇವೆಲ್ಲ ಬಣ್ಣ ಬಿಡೋ ಬಟ್ಟೆ ಅಲ್ಲ."

ಹೆಬ್ಬೆರಳಿನ ಕೆಳಗೆ ಏನೋ ಸರಿದ ಸದ್ದಾಯಿತು. ದಿಂಬಿನ ಚೀಲದೊಳಗೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಾಗದ. ನಾಲ್ಕು ಮಡಿಕೆ. ಮಡಿಕೆಯ ಗೆರೆಗಳು ಸವೆದು ಹರಿಯುವಂತಾಗಿದ್ದವು. ಮೇಲೆ ಆಸ್ಪತ್ರೆಯ ಹೆಸರು, ಹನ್ನೊಂದು ವರ್ಷದ ಹಿಂದಿನ ತಾರೀಖು. ಕೆಳಗಿನ ಎರಡು ಸಾಲುಗಳನ್ನು ಸೇರಿಸಿ ಕೆಂಪು ಪೆನ್ಸಿಲಿನಲ್ಲಿ ಒಂದು ಸುತ್ತು.

ಅದೇ ಆಸ್ಪತ್ರೆಯ ನರ್ಸಮ್ಮ ಆಗತಾನೇ ಬಂದು ಹೊರಗಿನ ಕುರ್ಚಿಯಲ್ಲಿ ಕೂತಿದ್ದರು. ಅವರ ಯೂನಿಫಾರಮ್ಮುಗಳನ್ನೆಲ್ಲ ಹೊಲಿದದ್ದು ಬಟನಕ್ಕ. ಮಾಸ್ಟ್ರು ಅವರನ್ನು ಒಳಗೆ ಕರೆದು ಕಾಗದ ಮುಂದಿಟ್ಟರು.

ನರ್ಸಮ್ಮ ಕನ್ನಡಕ ಏರಿಸಿ ನೋಡಿ, ಕಾಗದವನ್ನು ಮತ್ತೆ ಮಡಚಿದರು. "ಇದು ಅವರ ಸ್ವಂತದ್ದು ಮಾಸ್ಟ್ರೇ. ಅವರು ಹೇಳದೇ ಇದ್ದಿದ್ದನ್ನ ನಾನು ಹೇಳಬಾರದು."

"ಹನ್ನೊಂದು ವರ್ಷ ಅವಳು ಹೇಳ್ತಾಳೆ ಅಂತ ಕಾದೆ. ಇನ್ನು ಯಾರನ್ನ ಕೇಳಲಿ?"

ನರ್ಸಮ್ಮ ಮಗಳ ಕಡೆ ನೋಡಿದರು. ಮಗಳು ಬಾಗಿಲು ಮುಚ್ಚಿ, "ಹೇಳಿ ಆಂಟಿ," ಎಂದಳು. ನರ್ಸಮ್ಮ ಕಾಗದ ಬಿಡಿಸಿದರು.

"ಆಸ್ಪತ್ರೇಲಿ ಹೆಂಗಸರಿಗೆಲ್ಲ ಗರ್ಭಕೋಶದ ಬಾಯಿ ಪರೀಕ್ಷೆ ಮಾಡ್ತಿದ್ವಿ. ನಾನೇ ಬಲವಂತ ಮಾಡಿ ಬಾ ಅಂದಿದ್ದೆ. ಅದರ ರಿಪೋರ್ಟು ಇದು. ಎಚ್‌ಪಿವಿ ಅನ್ನೋ ವೈರಸ್ ಇದೆ ಅಂತ ಬರೆದಿದೆ. ಮೇಲೆ ನೋಡಿ, ಜೀವಕೋಶದಲ್ಲಿ ಬದಲಾವಣೆ ಇಲ್ಲ ಅಂತಾನೂ ಇದೆ."

"ಕ್ಯಾನ್ಸರಾ?"

"ಅಲ್ಲ. ಬಹಳ ಹೆಂಗಸರಿಗೆ ಯಾವತ್ತೋ ಒಂದು ಸಲ ಬಂದು ಹೋಗುತ್ತೆ ಇದು, ಗಂಡಸರಿಗೂ. ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ. ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತೆ. ಕೆಲವರಲ್ಲಿ ಉಳ್ಕೊಂಡು, ಎಷ್ಟೋ ವರ್ಷ ಆದ್ಮೇಲೆ ತೊಂದರೆ ಕೊಡಬಹುದು. ಅದಕ್ಕೇ ವರ್ಷ ಬಿಟ್ಟು ಮತ್ತೆ ನೋಡ್ತೀವಿ. ಈ ಕಾಗದ ಹೇಳೋದು ಅಷ್ಟೇ, ವರ್ಷ ಬಿಟ್ಟು ಬನ್ನಿ ಅಂತ."

"ಈಗ ಇದರಿಂದಲೇ..."

"ಇಲ್ಲ ಮಾಸ್ಟ್ರೇ. ಅದು ಹೃದಯ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ."

"ಇದು ಎಲ್ಲಿಂದ ಬರುತ್ತೆ?"

ನರ್ಸಮ್ಮ ದನಿ ತಗ್ಗಿಸಿದರು. "ಗಂಡ ಹೆಂಡಿರು ಸೇರೋದರಿಂದ. ಆದ್ರೆ ಯಾರಿಂದ ಬಂತು, ಯಾವಾಗ ಬಂತು ಅಂತ ಯಾರಿಗೂ ಹೇಳಕ್ಕಾಗಲ್ಲ. ಎಷ್ಟೋ ವರ್ಷ ಸುಮ್ಮನೆ ಇದ್ದು ಒಂದಿನ ಕಾಣಿಸ್ಕೊಳ್ಳುತ್ತೆ. ಇದನ್ನ ಇಟ್ಕೊಂಡು ಯಾರ ಮೇಲೂ ಬೆರಳು ತೋರ್ಸೋ ಹಾಗಿಲ್ಲ. ಬೇರೆ ಮಲಗಿ ಅಂತಾನೂ ನಾವು ಹೇಳಲ್ಲ. ಇಷ್ಟು ವರ್ಷ ಜೊತೆಗಿದ್ದವರಲ್ಲಿ ಒಬ್ಬರಿಗೆ ಇದ್ರೆ ಇನ್ನೊಬ್ಬರಿಗೂ ಆಗಲೇ ತಗುಲಿರುತ್ತೆ."

"ಲೋಟದಿಂದ ಬರುತ್ತಾ?"

"ಇಲ್ಲ."

"ಒಂದೇ ಬಕೆಟ್ಟಲ್ಲಿ ಬಟ್ಟೆ ನೆನೆಸಿದ್ರೆ?"

"ಹಾಗೆಲ್ಲ ಬರಲ್ಲ."

"ಸೂಜಿ ಕೊಡುವಾಗ ಕೈಗೆ ಕೈ ತಾಗಿದ್ರೆ?"

ನರ್ಸಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಇಲ್ಲ," ಎಂದರು. ಕಾಗದದ ಮೇಲಿನ ಸುತ್ತಿಗೆ ಬೆರಳಿಟ್ಟರು. "ಈ ಕೆಂಪು ಸುತ್ತು ನಂದು. ಮರೀದೆ ಬರಲಿ ಅಂತ ಎಲ್ಲರಿಗೂ ಹಾಕ್ತಿದ್ದೆ. ಆವತ್ತು ಬಾಗಿಲಾಚೆಗೂ ಜನ. 'ಹೆದರಬೇಡಿ, ಇದು ಗಂಡ ಹೆಂಡಿರ ನಡುವೆ ದಾಟೋದು' ಅಂತ ಅಂದು ಮುಂದಿನವರನ್ನ ಕರೆದೆ. ಮಾತು ಮುಗಿಸಲಿಲ್ಲ. ಮುಂದಿನ ವರ್ಷ ಬರಲಿಲ್ಲ ಅಂತ ಕೇಳಿದ್ರೆ, ಕೆಲಸ ಜಾಸ್ತಿ ಅಂದ್ರು. ನಾನೂ ನಂಬಿದೆ."

*

ಆ ದಿನ ಕಾಗದ ಹಿಡಿದು ಬಂದವಳು ಮೆಷಿನ್ನಿನ ಮುಂದೆ ಕೂತಿದ್ದಳು. ನಾಲ್ಕನೇ ಕ್ಲಾಸಿನ ಓದು. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಮೇಲಿನ ಸಾಲು ಮರೆತುಹೋಗುತ್ತಿತ್ತು. ಸುತ್ತು ಮಾತ್ರ ಓದದೆಯೂ ಗೊತ್ತಾಗುತ್ತಿತ್ತು.

"ಆ ಹೊಸ ಕೆಂಪು ಬಟ್ಟೆ ಬೇರೆ ಇಟ್ಯಾ?" ಎಂದು ಗಂಡ ಅಂಗಡಿಯಿಂದ ಕೂಗಿದ್ದರು. "ಬಿಳೀದಕ್ಕೆ ತಾಗಿದ್ರೆ ಮತ್ತೆ ಹೋಗಲ್ಲ."

"ಇಟ್ಟೆ," ಎಂದಳು.

ಕೆಂಪು ದಾರ ಪೋಣಿಸಿ ಮೊದಲು ಟವೆಲು ಎತ್ತಿಕೊಂಡಳು.

ಆಮೇಲೆ ನರ್ಸಮ್ಮನ ಯೂನಿಫಾರಂ ಕೊಡಲು ಆಸ್ಪತ್ರೆಗೆ ಹೋದಾಗಲೆಲ್ಲ ಬಾಗಿಲಲ್ಲಿ ಒಂದು ನಿಮಿಷ ಹೆಚ್ಚು ನಿಲ್ಲುತ್ತಿದ್ದಳು. "ಸೊಂಟ ಸರಿಯಾಗಿದೆಯಾ ನೋಡ್ಕೊಳ್ಳಿ," ಎನ್ನುತ್ತಿದ್ದಳು. ಬೇರೇನೂ ಕೇಳುತ್ತಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಗಂಡ ಅಂಗಡಿಯ ಬೆಂಚಿನಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚುತ್ತಿದ್ದರು. ಆ ಹತ್ತು ನಿಮಿಷ ಮೆಷಿನ್ ನಿಲ್ಲುತ್ತಿತ್ತು. ಅವಳೂ ಮಲಗುತ್ತಾಳೆ ಎಂದು ಅವರು ತಿಳಿದಿದ್ದರು. ಅವಳು ಕಾಲನ್ನು ಪೆಡಲಿನ ಮೇಲೆ ಅಲ್ಲಾಡಿಸದೆ ಇಟ್ಟು, ಬಾಗಿಲಿನತ್ತ ಕಿವಿ ಕೊಟ್ಟು ಕೂತಿರುತ್ತಿದ್ದಳು. ಬೆಂಚು ಅಗಲ ಸಾಲದೆ ಅವರು ಅಂಗಾತ ಮಲಗುತ್ತಿದ್ದರು. ಗೊರಕೆ ಚೆನ್ನಾಗಿಯೇ ಬರುತ್ತಿತ್ತು.

*

ಹೊರಗೆ ಗಾಡಿ ಬಂತು. ಯಾರೋ ಬಾಗಿಲು ತಟ್ಟಿದರು.

ತಂಗಿ ಗೋಡೆಗೆ ಒರಗಿ ನಿಂತಿದ್ದಳು. "ಲೋಟ ಕಿತ್ಕೊಂಡಿದ್ದು ನನಗೆ ಅಂಟಬಾರದು ಅಂತ," ಎಂದಳು. "ನಾನು ಎರಡು ತಿಂಗಳು ಮಾತು ಬಿಟ್ಟಿದ್ದೆ."

ನರ್ಸಮ್ಮ ಏಳುತ್ತಾ ಮಗಳ ಕೈ ಹಿಡಿದರು. "ನೀನು ಯಾವತ್ತಾದ್ರೂ ಈ ಪರೀಕ್ಷೆ ಮಾಡಿಸಿದ್ಯಾ?"

"ಇಲ್ಲ."

"ಊರಿಗೆ ಹೋಗೋ ಮುಂಚೆ ಬಾ. ರಿಪೋರ್ಟು ಬಂದ ದಿನ ನಾನೇ ಪಕ್ಕದಲ್ಲಿ ಕೂತು ಓದಿ ಹೇಳ್ತೀನಿ. ಪೂರ್ತಿ ಹೇಳ್ತೀನಿ."

"ನಾನೂ ಬರ್ತೀನಿ," ಎಂದಳು ತಂಗಿ.

ಬಿಳಿ ಬಟ್ಟೆ ಹೊದಿಸಿದಾಗ ಒಂದು ಬೆರಳೂ ಹೆಚ್ಚು ಕಡಿಮೆ ಇರಲಿಲ್ಲ. ಅವಳನ್ನು ಎತ್ತುವ ಮುಂಚೆ ಮಾಸ್ಟ್ರು ಬಗ್ಗಿ, ಅವಳ ಬಲಗೈ ಹಿಡಿದುಕೊಂಡರು. ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಜಾಗವಿತ್ತು. ಅದನ್ನು ಸವರುತ್ತಾ ನಿಂತರು. "ಹೊತ್ತಾಯ್ತು ಮಾಸ್ಟ್ರೇ," ಎಂದು ಪೋಸ್ಟ್‌ಮ್ಯಾನ್ ಎರಡು ಸಲ ಹೇಳಬೇಕಾಯಿತು.

"ದಿಂಬು?" ಎಂದು ಮಗಳು ಕೇಳಿದಳು. "ಅದನ್ನೂ ಜೊತೆಗೆ ಕಳಿಸೋಣ್ವಾ?"

"ಬೇಡ, ಅದು ಇರಲಿ."

ಎಲ್ಲ ಮುಗಿಸಿ ಬಂದಾಗ ಇನ್ನೂ ಬೆಳಕಿತ್ತು. ಮಾಸ್ಟ್ರು ಕಿಟಕಿಯ ಹತ್ತಿರ, ತಮ್ಮ ಮಂಚದ ಮೇಲೆ, ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಬ್ಲೇಡಿನ ತುದಿಯಿಂದ ಕೆಂಪು ದಾರದ ಒಂದೊಂದೇ ಹೊಲಿಗೆ ಬಿಚ್ಚಿದರು. ಕಣ್ಣು ಸರಿಯಾಗಿ ಕಾಣದೆ ನಿಧಾನವಾಯಿತು. ಮಗಳು ಬಿಚ್ಚಿಕೊಡಲು ಬಂದಳು, ಬೇಡವೆಂದರು.

ಹೊಲಿಗೆ ಹೋದ ಮೇಲೆ ಸೂಜಿಯ ತೂತುಗಳು ಉಳಿದವು. ಹೊಸ ಬಟ್ಟೆಯಾದರೆ ಬೆರಳು ಒದ್ದೆ ಮಾಡಿ ಉಗುರಿನಿಂದ ತೀಡಿದರೆ ಎಳೆಗಳು ಕೂಡಿಕೊಳ್ಳುತ್ತವೆ. ಇದು ಹಳೆಯದು. ಆದರೂ ತೀಡಿದರು. ತೂತುಗಳು ಒಂದೊಂದಾಗಿ ಮುಚ್ಚಿಕೊಂಡವು. ಆಮೇಲೆ ದಿಂಬನ್ನು ಮಂಚದ ಎಡಗಡೆ, ತಮ್ಮ ದಿಂಬಿಗೆ ತಾಗಿಸಿ ಇಟ್ಟರು.

ಹನ್ನೊಂದು ವರ್ಷ ಬಿಸಿಲಿಗೆ, ಒಗೆತಕ್ಕೆ ನೀಲಿ ಚೀಲವೆಲ್ಲ ಬೂದಿಯ ಬಣ್ಣಕ್ಕೆ ತಿರುಗಿತ್ತು. ದಾರ ಮುಚ್ಚಿದ್ದ ಜಾಗದಲ್ಲಿ ಮಾತ್ರ ಬಟ್ಟೆ ಅಂಗಡಿಯಿಂದ ತಂದ ದಿನದ ಹಾಗೇ ಇತ್ತು. ಮೂಲೆಯಲ್ಲಿ ಒಂದು ತೆಳ್ಳನೆಯ, ಗಾಢ ನೀಲಿ ಸುತ್ತು.