ಹಲ್ಲಲ್ಲಿ ಕಚ್ಚಿದ ಸೆರಗು

ತರಗತಿ ಶುರುವಾಗುವ ಮೊದಲು ನಾನೂ ಅವ್ವನೂ ಉಸಿರು ಅಳೆಯುವ ಎದೆಪಟ್ಟಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಂದೊಂದಾಗಿ ಕಿಟಕಿಯ ಸರಳಿಗೆ ತೂಗುಹಾಕಿದೆವು. ಹಿಂದಿನ ದಿನ ಯಾದಗಿರಿ ಕಡೆಯ ನಮ್ಮೂರಿನಿಂದ ತಂಗಿ ಕಾಶವ್ವ ಫೋನು ಮಾಡಿದ್ದಳು. ಅವಳಿಗೆ ಎಂಟು ತಿಂಗಳು ತುಂಬಿತ್ತು.

ಪುಣೆ ಕ್ಯಾಂಪಿನ ಈ ಕೇಂದ್ರದಲ್ಲಿ ಚಾಪೆ ಹಾಸಿ ತೆಗೆಯುವುದು ನನ್ನ ಕೆಲಸ. ಎದೆಯ, ಉಸಿರಿನ ತೊಂದರೆ ಇರುವವರಿಗೆ ನಮ್ಮ ಕನ್ನಡ ಬಲ್ಲ ಅನುಜಾ ಮೇಡಂ ಇಲ್ಲಿ ನಿಧಾನವಾಗಿ ಕೈ ಎತ್ತಿ ಇಳಿಸುವುದನ್ನು ಕಲಿಸುತ್ತಾರೆ. ಕೈ ಏರುವಾಗ ಮೂಗಿನಿಂದ ಉಸಿರು ಒಳಗೆ, ಇಳಿಯುವಾಗ ಬಾಯಿಂದ ಹೊರಗೆ. ಎದೆಗೆ ಕಟ್ಟಿದ ಪಟ್ಟಿಯಿಂದ ಪರದೆಯ ಮೇಲೆ ಎರಡು ಗೆರೆ ಮೂಡುತ್ತವೆ. ನೀಲಿಯದು ಉಸಿರು, ಕೆಂಪಿನದು ಎದೆಬಡಿತದ ವೇಗ. ಉಸಿರು ಒಳಗೆ ಹೋದಾಗ ಎದೆ ತುಸು ಬೇಗ ಬಡಿಯುತ್ತದೆ, ಹೊರಗೆ ಬಂದಾಗ ನಿಧಾನ. ಎಲ್ಲ ಹೊಂದಿಕೊಂಡರೆ ಎರಡು ಗೆರೆಗಳೂ ಜೊತೆಯಾಗಿ ಏರಿಳಿಯುತ್ತವೆ.

ದೇಹೂ ರೋಡಿನಲ್ಲಿ ಕಟ್ಟಡದ ಕೆಲಸ ಮಾಡುವಾಗ ಅವ್ವನಿಗೆ ದಮ್ಮು ಹತ್ತತೊಡಗಿತ್ತು. ಡಾಕ್ಟರು ಕೆಲಸ ಬಿಡಿಸಿ ಇಲ್ಲಿಗೆ ಕಳಿಸಿದರು. "ಗೆರಿ ಕೂಡಿದ ಮರುದಿನ ಊರಿಗೆ ಬರತೀನಿ, ನಿನ್ನ ಬಾಣಂತನ ನಂದು" ಎಂದು ಅವ್ವ ತಂಗಿಗೆ ಮಾತು ಕೊಟ್ಟಿದ್ದಳು. ಆರು ವಾರವಾದರೂ ಗೆರೆ ಕೂಡಿರಲಿಲ್ಲ.

ಯಾಕೆಂದು ನನಗೆ ಗೊತ್ತಿತ್ತು. ಕೈ ಎತ್ತಿ ಇಳಿಸುವ ಹೊತ್ತಿನಲ್ಲಿ ಎಲ್ಲರೂ ಕಣ್ಣು ಮುಚ್ಚಿರುತ್ತಾರೆ, ಮೇಡಂ ಪರದೆ ನೋಡುತ್ತಿರುತ್ತಾರೆ. ಗೋಡೆಗೊರಗಿ ಎಲ್ಲರನ್ನೂ ನೋಡುವವಳು ನಾನೊಬ್ಬಳೇ. ಮುಂದಿನ ಸಾಲಿನಲ್ಲಿ ಹಿರಿಯ ಗಂಡಸರಿರುವುದರಿಂದ, ತಲೆಯ ಮೇಲಿನ ಸೆರಗು ಜಾರಬಾರದೆಂದು ಅವ್ವ ಅದರ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು ಕೈ ಎತ್ತುತ್ತಿದ್ದಳು. ಸಿಮೆಂಟಿನ ಬುಟ್ಟಿ ಎತ್ತುವಾಗಲೂ ಅವಳು ಹಾಗೆಯೇ. ಹಲ್ಲು ಬಿಗಿದರೆ ಉಸಿರೂ ಬಿಗಿಯುತ್ತಿತ್ತು. ನೀಲಿ ಗೆರೆ ಚಪ್ಪಟೆಯಾಗಿ ಮಲಗುತ್ತಿತ್ತು.

ಎರಡನೆಯ ವಾರವೇ ಕಂಡಿದ್ದೆ. ಹೇಳಿರಲಿಲ್ಲ; ಹೇಳಿದರೆ ಗೆರೆ ಕೂಡುತ್ತಿತ್ತು, ಅವ್ವ ಊರಿಗೆ ಹೊರಡುತ್ತಿದ್ದಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಕಾಶವ್ವನನ್ನು ಎತ್ತಿ ಆಡಿಸಿದವಳು ನಾನು. ಆಗ ಅವ್ವ ಕತ್ತಲಿರುವಾಗಲೇ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದಳು. ಅವಳ ಎಡಹುಬ್ಬಿನಲ್ಲಿ ಎರಡು ಬಿಳಿ ಕೂದಲಿವೆ ಎಂಬುದು ಈಗಷ್ಟೇ ತಿಳಿದಿದೆ. ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಉಣ್ಣುತ್ತೇವೆ. ಕರಿದ ಮೆಣಸಿನಕಾಯಿಯನ್ನು ಅವಳು ಕೇಳದೆಯೇ ನನ್ನ ಕಡೆ ಸರಿಸುತ್ತಾಳೆ.

"ಸಾಬವ್ವ, ಉಸಿರು ಬಿಡ್ರಿ. ಹಿಡದು ಇಟ್ಟು ಯಾರಿಗೆ ಕೊಡ್ತೀರಿ?" ಎಂದು ಅಂದಿನ ತರಗತಿಯಲ್ಲಿ ಮೇಡಂ ಅವ್ವನಿಗೆ ಹೇಳಿದರು.

ಪಕ್ಕದ ಚಾಪೆಯ ಕೃಷ್ಣಾಬಾಯಿ ಕಣ್ಣು ತೆರೆಯದೆಯೇ, "ಮಗಳ ಮದವಿಗೆ ಕೂಡಿಸಿ ಇಡ್ಲಿಕತ್ತಾರ್ರೀ" ಎಂದರು.

ಎಲ್ಲರೂ ನಕ್ಕರು. ಅವ್ವ ಮತ್ತೆ ಕೈ ಎತ್ತಿದಳು, ವಾಲಿ ಗೋಡೆ ಹಿಡಿದಳು. ಮುಖ ಬಿಳಿಚಿತ್ತು. ಮೇಡಂ ಅವಳನ್ನು ಕುರ್ಚಿಯಲ್ಲಿ ಕೂರಿಸಿ, "ಇವತ್ತಿಗೆ ಸಾಕ್ರಿ" ಎಂದರು.

"ಇನ್ನೊಮ್ಮಿ ಮಾಡತೀನ್ರಿ ಬಾಯಾರ. ಸಣ್ಣಾಕಿ ಹಾದಿ ನೋಡಾಕತ್ಯಾಳ" ಎಂದಳು ಅವ್ವ. ಸ್ವಲ್ಪ ಸುಧಾರಿಸಿಕೊಂಡು, ಕೂತಲ್ಲೇ ಮತ್ತೆ ಸೆರಗು ಕಚ್ಚಿದಳು.

ನನ್ನಿಂದ ನೋಡಲಾಗಲಿಲ್ಲ. ನನ್ನ ಹೆಗಲ ಮೇಲಿನ ಓಢಣಿಯ ಪಿನ್ನು ಬಿಚ್ಚಿ, ಹಿಂದಿನಿಂದ ಹೋಗಿ ಅವಳ ಸೆರಗನ್ನು ತುರುಬಿಗೆ ಸಿಕ್ಕಿಸಿದೆ. ಅಂಚನ್ನು ಬಾಯಿಂದ ಮೆಲ್ಲಗೆ ಎಳೆದೆ.

"ಬೀಳೂದಿಲ್ಲವ್ವ. ಬಾಯಿ ಸಡಲ ಬಿಡು."

ಅವಳ ಕೈ ಏರಿತು, ಇಳಿಯಿತು. ನಾಲ್ಕನೆಯ ಸಲಕ್ಕೆ ನೀಲಿ ಗೆರೆ ಗುಡ್ಡದಂತೆ ಎದ್ದಿತು, ಕೆಂಪು ಗೆರೆ ಅದರ ಹಿಂದೆಯೇ ಹತ್ತಿತು. ಆಮೇಲೆ ಎರಡೂ ಒಂದನ್ನೊಂದು ಬಿಡಲಿಲ್ಲ.

"ನೋಡ್ರಿ ಸಾಬವ್ವ!" ಎಂದರು ಮೇಡಂ.

ಅವ್ವ ಕಣ್ಣು ತೆರೆದಳು. "ಇದು ನಂದೇನ್ರಿ?" ಎಂದು ನಕ್ಕಳು. ಆಮೇಲೆ ತುರುಬಿನ ಪಿನ್ನು ಮುಟ್ಟಿ ನನ್ನ ಮುಖ ನೋಡಿದಳು. "ನಿನಗ ಯಾವಾಗ ತಿಳೀತು?"

ನಾನು ತಲೆ ತಗ್ಗಿಸಿ ಅವಳ ಚಾಪೆ ಸುತ್ತತೊಡಗಿದೆ.

ಕೆಲಸ ಮುಗಿಸಿ ಹೊರಟಾಗ ಅವ್ವ ಮೆಟ್ಟಿಲು ಇಳಿಯುತ್ತಲೇ ತಂಗಿಗೆ ಫೋನು ಹಚ್ಚಿದಳು. "ನಾಳಿ ಗಾಡಿ ಹತ್ತತೀನಿ, ಅಳಬ್ಯಾಡ. ಕೂಸು ಹೊಳ್ಳಾಡತದೋ ಇಲ್ಲೋ?" ಏದುಸಿರಿರಲಿಲ್ಲ. ಎಲ್ಲೂ ನಿಲ್ಲದೆ ಮಾತಾಡುತ್ತಾ ಇಳಿದಳು. ನಾನು ಎರಡು ಮೆಟ್ಟಿಲು ಹಿಂದೆ ಇದ್ದೆ.

"ಅವ್ವಾ, ಇನ್ನೊಂದು ವಾರ ಇದ್ದು ಹೋಗು" ಎಂದೆ.