ಬಿಡದ ಅಂಟು

ಒಡೆದದ್ದನ್ನು ಜೋಡಿಸುವುದೇ ಅವಳ ಕಸುಬು. ಮ್ಯೂಸಿಯಮ್ಮಿನ ಹಿಂಬದಿಯ ಕೋಣೆಯಲ್ಲಿ ಮೂವತ್ತು ವರ್ಷ ಕೂತು, ಕಡಲಾಚೆಯ ಹೂಜಿ, ದ್ವೀಪದ ಮರದ ಮುಖವಾಡ, ಮರಳುನಾಡಿನ ಕಲ್ಲುಸಿಂಹ ಎಲ್ಲಕ್ಕೂ ಮೂಗು, ಕಿವಿ, ಬಾಲ ಕೂಡಿಸಿದವಳು. ಆ ಕಸುಬಿಗೆ ಎರಡೇ ಕಟ್ಟಳೆ. ತೇಪೆಯ ಬಣ್ಣ ಹಳೆಯದಕ್ಕಿಂತ ತುಸು ತಿಳಿಯಾಗಿರಬೇಕು, ನೋಡಿದವರಿಗೆ ಗೊತ್ತಾಗಲಿ ಎಂದು. ಅಂಟು ಬಿಡಿಸಿದರೆ ಬಿಡುವಂತಿರಬೇಕು. ಹೊಸಬರಿಗೆಲ್ಲ ಇದನ್ನು ಗಿಳಿಪಾಠ ಮಾಡಿಸಿದ ಮಹಾತಾಯಿ ಒಂದೇ ಒಂದು ಸಲ ಎರಡನ್ನೂ ಗಾಳಿಗೆ ತೂರಿದ್ದಳು.

ಮಣ್ಣಿನ ತಾಯಿಯೊಬ್ಬಳು ಮಗುವನ್ನು ಕೆನ್ನೆಗೊತ್ತಿಕೊಂಡು ಕೂತ ಮೂರ್ತಿ ಅದು. ಎರಡು ಸಾವಿರ ವರ್ಷ ಹಳೆಯದು. ಮಗುವಿಗೆ ಮುಖವೇ ಇರಲಿಲ್ಲ. ಅದು ಕೈಗೆ ಬಂದಾಗ ಇವಳ ಪುಟ್ಟ ಮಗಳು ತೀರಿಕೊಂಡು ನಲವತ್ತು ದಿನ. ಆ ಜಾಗದಲ್ಲಿ ಮಗಳ ಮುಖವನ್ನೇ ತಿದ್ದಿ, ಬಣ್ಣ ಹೊಂದಿಸಿ, ಯಾರೂ ಕೀಳದಿರಲಿ ಎಂದು ಎಂದೂ ಬಿಡದ ಅಂಟು ಹಾಕಿಬಿಟ್ಟಳು.

ಗಂಡ ಹುಟ್ಟಿನಿಂದಲೇ ಕಣ್ಣಿಲ್ಲದವನು, ಮಗಳನ್ನು ಬೆರಳಲ್ಲೇ ಕಂಡವನು. ತಿಂಗಳಿಗೊಂದು ಶನಿವಾರ ಅಂಥವರಿಗೆ ಮ್ಯೂಸಿಯಮ್ಮಿನಲ್ಲಿ ಮುಟ್ಟಿ ನೋಡುವ ದಿನ. ಮೊದಲ ಸಲ ಆ ಮುಖ ಸವರಿದಾಗ ಅವನ ಬೆರಳು ಮೂಗು, ತುಟಿಯ ಮೇಲೆ ಮತ್ತೆ ಮತ್ತೆ ಓಡಾಡಿತು. ಆಮೇಲೆ ಆ ಶನಿವಾರ ಒಂದನ್ನೂ ತಪ್ಪಿಸಲಿಲ್ಲ. ಮನೆಯಲ್ಲಿ ಗಂಡಹೆಂಡಿರು ಆ ಮಾತೆತ್ತಿದ್ದೇ ಇಲ್ಲ.

ಈ ವರ್ಷ ಹೊಸ ಮುಖ್ಯಸ್ಥರು ಬಂದರು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಇವರು ಇದ್ದಬದ್ದ ವಸ್ತುವನ್ನೆಲ್ಲ ಎಕ್ಸ್-ರೇ ಯಂತ್ರದಡಿ ಇಡಿಸಿದರು.

"ಈ ಮಗುವಿನ ಮುಖ ಪ್ಲಾಸ್ಟರ್ ಅಲ್ವಾ ಮೇಡಂ? ಯಾರು ಮಾಡಿದ್ದು?"

"ನಾನೇ."

"ನೀವಾ! ಹಾಗಾದ್ರೆ ನೀವೇ ತೆಗೆದುಬಿಡಿ. ಬೇರೆಯವರು ಕೈ ಹಾಕಿದ್ರೆ ತಾಯಿನೂ ಒಡೆದುಹೋಗ್ತಾಳೆ. ಶುಕ್ರವಾರದೊಳಗೆ ಆಗ್ಲಿ."

ಮುಖವನ್ನು ಇಡಿಯಾಗಿ ಬಿಡಿಸಿ ಮನೆಗೊಯ್ಯುವ ಆಸೆ ಅವಳಿಗೆ. ಮೇಣ ಒತ್ತಿ ಮುಖದ ಅಚ್ಚಾದರೂ ತೆಗೆದುಕೊಳ್ಳೋಣವೆಂದರೆ ಅದರ ಜೊತೆ ತಾಯಿಯ ಕೆನ್ನೆಯ ಬಣ್ಣ ಕಿತ್ತುಬರುತ್ತದೆ. ಮೂರು ದಿನ ಹತ್ತಿಯನ್ನು ಅಂಟು ಕರಗಿಸುವ ಮದ್ದಿನಲ್ಲಿ ಅದ್ದಿ ಅದ್ದಿ ಒತ್ತಿದಳು. ಜಪ್ಪಯ್ಯ ಎಂದರೂ ಅಂಟು ಬಿಡಲಿಲ್ಲ. ಮಾಡಿದ್ದುಣ್ಣೋ ಮಹರಾಯ! ಮಾಮೂಲಿ ಅಂಟು ಹಾಕಿದ್ದರೆ ಮಗಳು ಇಡಿಯಾಗಿ ಕೈಗೆ ಬರುತ್ತಿದ್ದಳು. ಶುಕ್ರವಾರ ಸಣ್ಣ ಉಳಿ ಹಿಡಿದು ಹಣೆಯಿಂದ ಹೆರೆಯತೊಡಗಿದಳು. ಮೂಗು ಹೋಯಿತು, ತುಟಿ ಹೋಯಿತು. ಅಷ್ಟು ಹೊತ್ತೂ ಕೈ ನಡುಗಲಿಲ್ಲ. ಆ ಕೈಯ ಮೇಲೇ ಅವಳಿಗೆ ಅಸಹ್ಯ ಹುಟ್ಟಿತು. ಮೇಜಿನ ಮೇಲೆ ಒಂದು ಹಿಡಿ ಪುಡಿ ಉಳಿಯಿತು. ಇನ್ನೊಂದು ಮಾಡಬಹುದಲ್ಲ ಎನ್ನಬೇಡಿ. ಅಂದು ಬೆರಳಲ್ಲಿ ಮಗಳ ಮೈಬಿಸಿ ಇನ್ನೂ ಇತ್ತು; ಈಗ ಬರೀ ಕಸುಬು ಇದೆ.

ಮರುದಿನವೇ ಮುಟ್ಟಿ ನೋಡುವ ಶನಿವಾರ. ಅವಳ ಪಕ್ಕದಲ್ಲಿ ನಿಂತ ಗಂಡನ ಬೆರಳು ಎಂದಿನಂತೆ ತಾಯಿಯ ಭುಜದಿಂದ ಇಳಿದು, ತೋಳು ದಾಟಿ, ಮುಖವಿದ್ದ ಕುಳಿಗೆ ಬಂದು ನಿಂತಿತು. ಸುತ್ತಮುತ್ತ ತಡಕಾಡಿತು.

"ಇವತ್ತು ಬೇರೆ ಗೊಂಬೆ ಇಟ್ಟಿದ್ದಾರೇನೇ?"

"ಹೂಂ ರೀ. ಬೇರೇದು."

"ನಮ್ದು?"

ಇಷ್ಟು ವರ್ಷಗಳಲ್ಲಿ ಅವನು ಹಾಗೆಂದದ್ದು ಅದೇ ಮೊದಲು.

"ರಿಪೇರಿಗೆ ಹೋಗಿದೆ."

"ಯಾರ ಕೈಗೆ ಕೊಟ್ಟಿದ್ದಾರೆ?"

"ನನ್ನ ಕೈಗೇ."

"ಹಾಗಾದ್ರೆ ಭಯ ಇಲ್ಲ ಬಿಡು," ಎಂದು ಅವನು ಕೋಲು ತೆಗೆದುಕೊಂಡ.